ಪ್ಲೇಫೇರ್‌ನ 1786ರ ವ್ಯಾಪಾರ ಚಾರ್ಟನ್ನು ಇವತ್ತಿನ ಅಂಕಿಅಂಶ ಹಾಕಿ ಮತ್ತೆ ಬಿಡಿಸಬೇಕು. ಪೈಥಾನ್ ಬಳಸಲಾ, ಆರ್ ಬಳಸಲಾ? ಆ ಹಳೇ ಬಣ್ಣ, ಅಕ್ಷರ ಎಲ್ಲಿ ಸಿಗುತ್ತವೆ? ಡೇಟಾಗೆ ಯುಎನ್ ಕಾಮ್‌ಟ್ರೇಡ್ (ವಿಶ್ವಸಂಸ್ಥೆಯ ವ್ಯಾಪಾರ ಅಂಕಿಅಂಶದ ಡೇಟಾಬೇಸ್) ಸಾಕಾ? ನೀವು ಕೇಳಿದ್ದು ಇಷ್ಟು.

ನಾನೂ ಇದೇ ಚಾರ್ಟ್ ಹಿಡಿದು, ಇದೇ ಕ್ರಮದಲ್ಲಿ ಹೊರಟಿದ್ದೆ. ಮೊದಲು ಸಾಫ್ಟ್‌ವೇರ್, ಆಮೇಲೆ ಬಣ್ಣ, ಕೊನೆಗೆ ಡೇಟಾ. ಈ ಕ್ರಮ ಪೂರ್ತಿ ತಲೆಕೆಳಗು. ಅದಕ್ಕೇ ನಿಮ್ಮ ಮೊದಲ ಎರಡು ಪ್ರಶ್ನೆಗಳನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ.

ಚಾರ್ಟ್ ಗೊತ್ತಿಲ್ಲದವರಿಗೆ ಒಂದು ಮಾತು. ವಿಲಿಯಂ ಪ್ಲೇಫೇರ್ ಸ್ಕಾಟ್ಲೆಂಡಿನವನು, ಜೇಮ್ಸ್ ವಾಟ್ ಹತ್ತಿರ ಡ್ರಾಫ್ಟ್ಸ್‌ಮನ್ ಆಗಿದ್ದವನು. 1786ರಲ್ಲಿ ಲಂಡನ್ನಿನಲ್ಲಿ 'ಕಮರ್ಷಿಯಲ್ ಅಂಡ್ ಪೊಲಿಟಿಕಲ್ ಅಟ್ಲಾಸ್' ಅನ್ನುವ ಪುಸ್ತಕ ತಂದ. ಅದರಲ್ಲಿ 44 ಚಾರ್ಟ್‌ಗಳಿದ್ದವು. ಎಲ್ಲರೂ ನೋಡಿರುವುದು ಡೆನ್ಮಾರ್ಕ್ ಮತ್ತು ನಾರ್ವೆ ಜೊತೆ ಇಂಗ್ಲೆಂಡಿನ ವ್ಯಾಪಾರದ್ದು, 1700ರಿಂದ 1780ರವರೆಗಿನದು. ಆಮದಿಗೆ ಹಳದಿ ಗೆರೆ, ರಫ್ತಿಗೆ ಕೆಂಪು ಗೆರೆ. 1750ರ ದಶಕದಲ್ಲಿ ಎರಡೂ ಒಂದನ್ನೊಂದು ದಾಟುತ್ತವೆ. ದಾಟುವ ಮೊದಲಿನ ನಡುವಿನ ಜಾಗದಲ್ಲಿ ಬಾಕಿ (ಆಮದು ರಫ್ತುಗಳ ವ್ಯತ್ಯಾಸ) ಇಂಗ್ಲೆಂಡಿಗೆ ವಿರುದ್ಧ ಅಂತ, ದಾಟಿದ ಮೇಲಿನ ಜಾಗದಲ್ಲಿ ಇಂಗ್ಲೆಂಡಿನ ಪರ ಅಂತ ಬರೆದಿದ್ದಾನೆ. ನೋಡಿದ ತಕ್ಷಣ ಕಥೆ ಅರ್ಥವಾಗುತ್ತದೆ. ನನ್ನನ್ನು ಹಿಡಿದದ್ದೂ ಅದೇ.

ಒಂದು ಪ್ರದರ್ಶನಕ್ಕೆ ಅಂತ ನಾನು ಇದರ ಜೋಡಿ ಮಾಡಿದೆ. ಎಡಗಡೆ ಪ್ಲೇಫೇರ್‌ನ ಚಾರ್ಟ್, ಬಲಗಡೆ ಇವತ್ತಿನ ಬ್ರಿಟನ್ನಿನದು. ಕಾಮ್‌ಟ್ರೇಡ್‌ನಿಂದ ಡೆನ್ಮಾರ್ಕ್, ನಾರ್ವೆ ಎರಡನ್ನೂ ತೆಗೆದು ಕೂಡಿಸಿದೆ. ಹಳದಿ, ಕೆಂಪು ಎರಡೂ ಹೊಂದುವ ಹಾಗೆ ನೋಡಿಕೊಂಡೆ. ಹೆಸರುಗಳನ್ನು ಗೆರೆಗಳ ಪಕ್ಕದಲ್ಲೇ ಬಾಗಿಸಿ ಬರೆದೆ. 2022ರಲ್ಲಿ ಆಮದಿನ ಗೆರೆ ನೆಟ್ಟಗೆ ಮೇಲೆದ್ದಿತ್ತು. 'ಅಂದು ಲಾಭ, ಇಂದು ನಷ್ಟ' ಅಂತ ತಲೆಬರಹ ಕೊಟ್ಟೆ. ದೊಡ್ಡ ಹಾಳೆಗಳಲ್ಲಿ ಪ್ರಿಂಟ್ ಆಗಿ ಗೋಡೆಗೆ ಬಂತು.

ಅಲ್ಲಿಗೆ ಬಂದಿದ್ದ ಆರ್ಥಿಕ ಇತಿಹಾಸದ ಮೇಷ್ಟ್ರೊಬ್ಬರು ಬಹಳ ಹೊತ್ತು ಎರಡನ್ನೂ ನೋಡಿ ನನ್ನನ್ನು ಕರೆದು ಕೇಳಿದರು: "ಎಡಗಡೆ ಚಾರ್ಟಲ್ಲಿ ನಾರ್ವೆ ಮರದ ಬೆಲೆ ಎರಡು ಪಟ್ಟು ಆದರೆ ಹಳದಿ ಗೆರೆ ಮೇಲೆ ಹೋಗುತ್ತಾ?"

"ಹೋಗಲೇಬೇಕಲ್ವಾ ಸರ್, ಪೌಂಡ್‌ನಲ್ಲಿ ಇದೆಯಲ್ಲ" ಅಂದೆ.

"ಹೋಗಲ್ಲ" ಅಂದರು.

ಆ ಹಾಳೆಗಳು ಗೋಡೆಯಿಂದ ಇಳಿದವು. ಪ್ರಿಂಟಿನ ಖರ್ಚು ನನ್ನ ಮೇಲೆ ಬಂತು. ಅಲ್ಲಿ ಮತ್ತೆ ಕೆಲಸ ಸಿಗಲಿಲ್ಲ. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ಪ್ಲೇಫೇರ್‌ನನ್ನು ಮತ್ತೆ ಬಿಡಿಸುವವರಲ್ಲಿ ಬಹಳ ಜನ ಇಲ್ಲೇ ಎಡವುತ್ತಿದ್ದಾರೆ.

ಇಂಗ್ಲೆಂಡಿನಲ್ಲಿ 1696ರಲ್ಲಿ ಆಮದು ರಫ್ತುಗಳ ಇನ್‌ಸ್ಪೆಕ್ಟರ್ ಜನರಲ್ ಅನ್ನುವ ಹುದ್ದೆ ಶುರುವಾಯಿತು. ಬಂದರುಗಳಿಂದ ಬರುವ ಲೆಕ್ಕವನ್ನೆಲ್ಲ ಆ ಕಚೇರಿ ಲೆಡ್ಜರ್‌ಗಳಲ್ಲಿ ಬರೆದಿಡುತ್ತಿತ್ತು. ಬಂದರಿನಿಂದ ಬರುತ್ತಿದ್ದದ್ದು ಮುಖ್ಯವಾಗಿ ಪ್ರಮಾಣ: ಇಷ್ಟು ಹಲಗೆ, ಇಷ್ಟು ತೂಕ, ಇಷ್ಟು ಥಾನು. ಅದನ್ನು ಪೌಂಡಿಗೆ ತಿರುಗಿಸಲು ಕಚೇರಿಯಲ್ಲಿ ಒಂದು ಬೆಲೆಪಟ್ಟಿ ಇತ್ತು. ಅಧಿಕೃತ ಮೌಲ್ಯ ಅಂದರೆ ಈ ಪಟ್ಟಿಯ ಬೆಲೆಯಲ್ಲಿ ಕಟ್ಟಿದ ಮೌಲ್ಯ. ಆ ಪಟ್ಟಿಯ ಬೆಲೆಗಳು 17ನೇ ಶತಮಾನದ ಕೊನೆ ಮತ್ತು 18ನೇ ಶತಮಾನದ ಮೊದಲ ವರ್ಷಗಳಲ್ಲಿ ನಿಗದಿಯಾದವು. ಆಮೇಲೆ ಹೆಚ್ಚೂ ಕಡಿಮೆ ಹಾಗೇ ಉಳಿದವು. ಮಾರುಕಟ್ಟೆಯಲ್ಲಿ ಬೆಲೆ ಏರಲಿ, ಇಳಿಯಲಿ, ಲೆಡ್ಜರ್‌ಗೆ ಅದು ತಟ್ಟುತ್ತಿರಲಿಲ್ಲ.

ಹಾಗಾದರೆ ಪ್ಲೇಫೇರ್‌ನ ಗೆರೆ ಏನು ಹೇಳುತ್ತದೆ? ಅಳತೆ ಪೌಂಡ್‌ನಲ್ಲಿದೆ, ಹೇಳುತ್ತಿರುವುದು ಮಾತ್ರ ಪ್ರಮಾಣದ ಕಥೆ. ಇವತ್ತು ನಾವು ಸ್ಥಿರ ಬೆಲೆಯಲ್ಲಿ ಅಂತ ಏನು ಹೇಳುತ್ತೇವೋ ಅದು. ಗೆರೆ ಏರಿದರೆ ಜಾಸ್ತಿ ಸರಕು ಹೋಯಿತು ಅಂತ ಅರ್ಥ. ಜಾಸ್ತಿ ದುಡ್ಡು ಬಂತು ಅಂತ ಅಲ್ಲ.

ನಾನು ಬಲಗಡೆ ಹಾಕಿದ್ದು ಆಯಾ ವರ್ಷದ ಚಾಲ್ತಿ ಬೆಲೆಯ ಮೌಲ್ಯ. ನಾರ್ವೆಯಿಂದ ಬ್ರಿಟನ್ನಿಗೆ ಬರುವುದರಲ್ಲಿ ದೊಡ್ಡ ಪಾಲು ನೈಸರ್ಗಿಕ ಅನಿಲ ಮತ್ತು ಕಚ್ಚಾ ತೈಲ. ರಷ್ಯಾ ಯುಕ್ರೇನ್ ಮೇಲೆ ದಾಳಿ ಮಾಡಿದ 2022ರಲ್ಲಿ ಅನಿಲದ ಬೆಲೆ ಯಾವ ಮಟ್ಟಕ್ಕೆ ಹೋಗಿತ್ತು ಅಂತ ನಿಮಗೂ ನೆನಪಿರಬೇಕು. ಪೈಪುಗಳು ಮಾತ್ರ ಹಳೆಯವೇ. ನಾರ್ವೆಯ ನ್ಯುಹಮ್ನಾದಿಂದ ಇಂಗ್ಲೆಂಡಿನ ಈಸಿಂಗ್ಟನ್‌ಗೆ ಬರುವ ಲ್ಯಾಂಗೆಲೆಡ್ ಪೈಪ್‌ಲೈನು ಸುಮಾರು 1,166 ಕಿಲೋಮೀಟರ್ ಉದ್ದ. ಬೆಲೆ ಎಷ್ಟು ಪಟ್ಟು ಏರಿದರೂ ಅದರೊಳಗೆ ಅಷ್ಟು ಪಟ್ಟು ಅನಿಲ ಹರಿಯಲಾರದು. ನನ್ನ ಗೆರೆಯ ಆ ಶಿಖರ ಬೆಲೆಯ ಶಿಖರ. ಅದೇ ವರ್ಷವನ್ನು 1700ರ ಲೆಡ್ಜರ್ ಗುಮಾಸ್ತ ಬರೆದಿದ್ದರೆ ಅಲ್ಲಿ ಅಂಥ ಶಿಖರವೇ ಇರುತ್ತಿರಲಿಲ್ಲ. ಎರಡು ಬೇರೆ ಬೇರೆ ವಸ್ತುಗಳನ್ನು ಒಂದೇ ಬಣ್ಣ ಬಳಿದು ಅಕ್ಕಪಕ್ಕ ನಿಲ್ಲಿಸಿದ್ದೆ. ಬಣ್ಣ ಎಷ್ಟು ಚೆನ್ನಾಗಿ ಹೊಂದಿತ್ತೋ ಸುಳ್ಳು ಅಷ್ಟೇ ಚೆನ್ನಾಗಿ ಕೂತಿತ್ತು.

ಇದರ ಇನ್ನೊಂದು ಪರಿಣಾಮ ಇದಕ್ಕಿಂತ ದೊಡ್ಡದು. ಪ್ಲೇಫೇರ್ ಬಣ್ಣ ತುಂಬಿದ ಆ ನಡುವಿನ ಜಾಗ ಇದೆಯಲ್ಲ, ಇಂಗ್ಲೆಂಡಿನ ಪರ ಬಾಕಿ ಅಂತ, ಅದು ನಿಜವಾಗಿ ಕೈಬದಲಾದ ಹಣ ಅಲ್ಲ. ಹಳೆಯ ಬೆಲೆಯಲ್ಲಿ ಕಟ್ಟಿದ ಆಮದು, ಹಳೆಯ ಬೆಲೆಯಲ್ಲಿ ಕಟ್ಟಿದ ರಫ್ತು, ಇವೆರಡರ ವ್ಯತ್ಯಾಸ. ಮರದ ಬೆಲೆ ಒಂದು ದಿಕ್ಕಿಗೆ, ಬಟ್ಟೆಯ ಬೆಲೆ ಇನ್ನೊಂದು ದಿಕ್ಕಿಗೆ ಹೋಗಿದ್ದರೆ ನಿಜವಾದ ಬಾಕಿ ಬೇರೆ ಕಡೆಯೇ ದಾಟಿರಬಹುದು. 1798ರಲ್ಲಿ ಯುದ್ಧಕಾಲದ ಕಾನ್‌ವಾಯ್ ತೆರಿಗೆ, ಅಂದರೆ ವ್ಯಾಪಾರದ ಹಡಗುಗಳಿಗೆ ನೌಕಾಪಡೆ ಕೊಡುವ ಬೆಂಗಾವಲಿನ ತೆರಿಗೆ, ಬಂತು. ಅದನ್ನು ಸರಕಿನ ಬೆಲೆಯ ಮೇಲೆ ಹಾಕುತ್ತಿದ್ದರಿಂದ ರಫ್ತುದಾರರು ತಮ್ಮ ಸರಕಿನ ನಿಜ ಬೆಲೆ ಹೇಳಬೇಕಾಯಿತು. ಅಧಿಕೃತ ಮೌಲ್ಯಕ್ಕೂ ನಿಜ ಮೌಲ್ಯಕ್ಕೂ ಎಷ್ಟು ದೂರ ಇದೆ ಅನ್ನುವುದು ಆಗ ಬೆಳಕಿಗೆ ಬಂತು. ಆಮದಿಗೆ ನಿಜ ಬೆಲೆಯ ಲೆಕ್ಕ ಹಾಕಲು 1854 ಆಗಬೇಕಾಯಿತು. ಅಂದರೆ 'ಅಂದು ಲಾಭ' ಅಂತ ಹೇಳುವ ಹಕ್ಕು ನನಗೆ ಇರಲೇ ಇಲ್ಲ.

ಈಗ ಮಾಡುವುದು ಹೇಗೆ? ನನ್ನ ಪ್ರಕಾರ ದಾರಿ ಒಂದೇ. ಆ ಗುಮಾಸ್ತರು ಮಾಡಿದ್ದನ್ನೇ ನೀವೂ ಮಾಡಬೇಕು. ನಿಮ್ಮದೇ ಒಂದು ಬೆಲೆಪಟ್ಟಿ ಕಟ್ಟಿ. ಒಂದು ಮೂಲ ವರ್ಷ ಹಿಡಿಯಿರಿ. ಆ ವರ್ಷ ಪ್ರತಿ ಸರಕಿನ ಒಟ್ಟು ಮೌಲ್ಯವನ್ನು ತೂಕದಿಂದ ಭಾಗಿಸಿದರೆ ಟನ್ನಿಗೆ ಇಷ್ಟು ಅಂತ ಬೆಲೆ ಬರುತ್ತದೆ. ಆಮೇಲೆ ಉಳಿದ ಎಲ್ಲ ವರ್ಷಗಳ ತೂಕವನ್ನು ಇದೇ ಬೆಲೆಗೆ ಗುಣಿಸಿ. ಅರ್ಥಶಾಸ್ತ್ರದವರು ಇದನ್ನು ಲ್ಯಾಸ್ಪೇರ್ಸ್ ಪ್ರಮಾಣ ಸೂಚ್ಯಂಕ ಅನ್ನುತ್ತಾರೆ. ಸರಕುಗಳನ್ನು ವಿಂಗಡಿಸಲು ದೇಶಗಳೆಲ್ಲ ಬಳಸುವ ಸಂಖ್ಯೆಗೆ ಎಚ್‌ಎಸ್ ಕೋಡ್ ಅನ್ನುತ್ತಾರೆ. ಅನಿಲ ಎಚ್‌ಎಸ್ ಕೋಡ್ 2711ರಲ್ಲಿ, ಕಚ್ಚಾ ತೈಲ 2709ರಲ್ಲಿ, ಮೀನು ಅಧ್ಯಾಯ 3ರಲ್ಲಿ ಸಿಗುತ್ತವೆ. ನಾರ್ವೆಯಿಂದ ಬರುವ ಆಮದಿನ ಬಹುಪಾಲು ಇಷ್ಟರಲ್ಲೇ ಹಿಡಿತಕ್ಕೆ ಬರುತ್ತದೆ.

ಮೂಲ ವರ್ಷವಾಗಿ 2020 ಬೇಡ, 2022 ಬೇಡವೇ ಬೇಡ. ಮೊದಲನೆಯದರಲ್ಲಿ ಇಂಧನ ತೀರಾ ಅಗ್ಗ, ಎರಡನೆಯದರಲ್ಲಿ ತೀರಾ ದುಬಾರಿ. ಹಿಡಿದ ಬೆಲೆಯೇ ಇಡೀ ಚಾರ್ಟಿನ ಆಕಾರ ಬದಲಿಸುತ್ತದೆ. ಹಲವು ವರ್ಷಗಳ ಸರಾಸರಿ ಬೆಲೆ ತೆಗೆದುಕೊಳ್ಳಿ. ಆಮೇಲೆ ಬೇರೊಂದು ಮೂಲ ಅವಧಿ ಹಿಡಿದು ಮತ್ತೆ ಲೆಕ್ಕ ಮಾಡಿ. ಗೆರೆಗಳು ದಾಟುವ ಜಾಗ ಬದಲಾದರೆ ಅದನ್ನು ಚಾರ್ಟಿನ ಕೆಳಗೆ ಬರೆಯಿರಿ. ಬರೆಯದೆ ಬಿಡಬೇಡಿ.

ರಫ್ತಿನ ಕಡೆ ಇದು ಕಷ್ಟ. ಬ್ರಿಟನ್ನಿನಿಂದ ಹೋಗುವುದರಲ್ಲಿ ಯಂತ್ರಗಳು ಬಹಳ. ಯಂತ್ರವನ್ನು ಕಿಲೋ ಲೆಕ್ಕದಲ್ಲಿ ಬೆಲೆ ಕಟ್ಟಿದರೆ ಅರ್ಥವಿಲ್ಲದ ಉತ್ತರ ಬರುತ್ತದೆ. ಹಗುರವಾದ ಹೊಸ ಯಂತ್ರ ದುಬಾರಿ, ಭಾರವಾದ ಹಳೇದು ಅಗ್ಗ, ಎರಡೂ ಒಂದೇ ಕೋಡಿನಲ್ಲಿ ಇರುತ್ತವೆ. ಅಂಥ ಅಧ್ಯಾಯಗಳಿಗೆ ಪ್ರಕಟವಾದ ರಫ್ತು ಬೆಲೆ ಸೂಚ್ಯಂಕದಿಂದ ಮೌಲ್ಯವನ್ನು ಭಾಗಿಸಿ. ಎಚ್‌ಎಸ್ ಕೋಡ್‌ಗಳು 2002, 2007, 2012, 2017, 2022ರಲ್ಲಿ ಪರಿಷ್ಕರಣೆ ಆಗಿವೆ ಅನ್ನುವುದನ್ನೂ ಮರೆಯಬೇಡಿ. ಕೋಡ್ ಒಡೆದು ಎರಡಾದ ಕಡೆ ನಿಮ್ಮ ಗೆರೆ ಸುಮ್ನೆ ಬೀಳುತ್ತದೆ.

ಕಾಮ್‌ಟ್ರೇಡ್ ಸಾಕಾ ಅಂತ ಕೇಳಿದ್ದೀರಿ. ಈ ಚಾರ್ಟಿಗೆ ನಾನು ಬೇಡ ಅನ್ನುತ್ತೇನೆ. ಅಲ್ಲಿ ಮೌಲ್ಯ ಡಾಲರ್‌ನಲ್ಲಿದೆ. 2016ರ ಬ್ರೆಕ್ಸಿಟ್ ಜನಮತಗಣನೆಯ ನಂತರ ಪೌಂಡ್ ಕುಸಿಯಿತು. ವ್ಯಾಪಾರದಲ್ಲಿ ಏನೂ ಆಗದೆ ಇದ್ದರೂ ಡಾಲರ್ ಗೆರೆ ಇಳಿದ ಹಾಗೆ ಕಾಣುತ್ತದೆ. ಬ್ರಿಟನ್ನಿನ ತೆರಿಗೆ ಮತ್ತು ಸುಂಕ ಇಲಾಖೆ ಎಚ್‌ಎಂಆರ್‌ಸಿ ತನ್ನ ಸರಕು ವ್ಯಾಪಾರದ ಡೇಟಾವನ್ನು ಪೌಂಡ್‌ನಲ್ಲೇ, ತೂಕದ ಸಮೇತ ಕೊಡುತ್ತದೆ. ಅದನ್ನೇ ತೆಗೆದುಕೊಳ್ಳಿ. ಒಂದು ಮೂಲ ಹಿಡಿದ ಮೇಲೆ ಇನ್ನೊಂದನ್ನು ಬೆರೆಸಬೇಡಿ. ಎಚ್‌ಎಂಆರ್‌ಸಿ ಸರಕು ಗಡಿ ದಾಟಿದ್ದನ್ನು ಎಣಿಸುತ್ತದೆ. ಅಲ್ಲಿನ ಅಂಕಿಅಂಶ ಕಚೇರಿ ಒಎನ್‌ಎಸ್ ತನ್ನ ಮುಖ್ಯ ಲೆಕ್ಕದಲ್ಲಿ ಮಾಲೀಕತ್ವ ಬದಲಾದದ್ದನ್ನು ನೋಡುತ್ತದೆ. ರಫ್ತಿನ ಸಾಲಿಗೆ ನಾರ್ವೆ ಹೇಳಿದ ಆಮದನ್ನು ಹಾಕುವವರೂ ಇದ್ದಾರೆ. ಆಗ ಸಾಗಣೆ, ವಿಮೆಯ ಖರ್ಚು ರಫ್ತಿಗೂ ಸೇರಿಬಿಡುತ್ತದೆ. ಬ್ರಿಟನ್ನಿನ ಲೆಕ್ಕದಲ್ಲಿ ಆ ಖರ್ಚು ಸೇರುವುದು ಆಮದಿಗೆ ಮಾತ್ರ.

ದೇಶಗಳ ವಿಷಯ ಬೇಗ ಮುಗಿಸುತ್ತೇನೆ. ಆಗ ಡೆನ್ಮಾರ್ಕ್ ಮತ್ತು ನಾರ್ವೆಗೆ ಒಬ್ಬನೇ ರಾಜ. 1814ರಲ್ಲಿ ಬೇರೆಯಾದವು. ಹಾಗಾಗಿ ಎರಡನ್ನೂ ಕೂಡಿಸುವುದು ಸರಿ. ಇನ್ನೊಂದು ತುದಿಯಲ್ಲಿ ತೊಂದರೆ ಇದೆ. ಪ್ಲೇಫೇರ್‌ನ ಇಂಗ್ಲೆಂಡ್ ಲೆಕ್ಕದಲ್ಲಿ ಸ್ಕಾಟ್ಲೆಂಡ್ ಇಲ್ಲ. ನಿಮ್ಮ ಬ್ರಿಟನ್ ಲೆಕ್ಕದಲ್ಲಿ ಇದೆ.

ಇಲ್ಲಿ ನನ್ನದೊಂದು ಗಟ್ಟಿ ಅಭಿಪ್ರಾಯ ಇದೆ. ಡೆನ್ಮಾರ್ಕ್ ನಾರ್ವೆ ಚಾರ್ಟನ್ನು ಬಿಡಿ. ಅದೇ ಪುಸ್ತಕದ ಸ್ಕಾಟ್ಲೆಂಡ್ ಚಾರ್ಟನ್ನು ತೆಗೆದುಕೊಳ್ಳಿ. 44ರಲ್ಲಿ ಅದೊಂದೇ ಕಂಬಗಳ ಚಾರ್ಟ್. 1780ರ ಕ್ರಿಸ್‌ಮಸ್‌ನಿಂದ 1781ರ ಕ್ರಿಸ್‌ಮಸ್‌ವರೆಗಿನ ಒಂದು ವರ್ಷದ ಲೆಕ್ಕ. ಹದಿನೇಳು ಜಾಗಗಳು, ಪ್ರತಿ ಜಾಗಕ್ಕೂ ಆಮದು ರಫ್ತಿನ ಜೋಡಿ ಕಂಬ. ಗ್ರೀನ್‌ಲೆಂಡ್, ಐಲ್ ಆಫ್ ಮ್ಯಾನ್‌ನಂಥ ಚಿಕ್ಕವು ಇವೆ, ಎಲ್ಲಕ್ಕಿಂತ ದೊಡ್ಡದಾಗಿ ಐರ್ಲೆಂಡ್ ಇದೆ. ವರ್ಷ ವರ್ಷದ ಅಂಕಿ ಸಿಗದೇ ಇದ್ದದ್ದಕ್ಕೆ ಪ್ಲೇಫೇರ್ ಹಾಗೆ ಮಾಡಿದ. ಕಾಲದ ಓಟ ಇದರಲ್ಲಿ ಇಲ್ಲ, ಹಾಗಾಗಿ ಉಪಯೋಗ ಕಡಿಮೆ ಅಂತ ತಾನೇ ಬರೆದಿದ್ದಾನೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ಒಂದೇ ವರ್ಷ ಆದ್ದರಿಂದ ವರ್ಷದಿಂದ ವರ್ಷಕ್ಕೆ ಬೆಲೆ ಏರಿಳಿಯುವ ಕಾಟ ಇಲ್ಲಿ ಇಲ್ಲ. ನೀವು ಹೋಲಿಸುವುದು ಯಾರ ಪಾಲು ಎಷ್ಟು ಅನ್ನುವುದನ್ನು. ಎಚ್‌ಎಂಆರ್‌ಸಿಯ ಪ್ರಾದೇಶಿಕ ವ್ಯಾಪಾರದ ಅಂಕಿಅಂಶದಲ್ಲಿ ಸ್ಕಾಟ್ಲೆಂಡಿನದು ಬೇರೆಯಾಗಿಯೇ ಸಿಗುತ್ತದೆ. ಒಂದೇ ಎಚ್ಚರ: ಹಲವು ಊರುಗಳಲ್ಲಿ ಶಾಖೆ ಇರುವ ಕಂಪನಿಯ ವ್ಯಾಪಾರವನ್ನು ಅಲ್ಲಿ ನೌಕರರ ಸಂಖ್ಯೆ ನೋಡಿ ಹಂಚುತ್ತಾರೆ. ಜೊತೆಗೆ ಯಾವ ಪ್ರದೇಶಕ್ಕೂ ಸೇರಿಸದೆ ಬಿಟ್ಟ ಒಂದಷ್ಟು ಮೊತ್ತವೂ ಇರುತ್ತದೆ.

ಗೆರೆ ಚಾರ್ಟೇ ಬೇಕು ಅಂತ ಹಟ ಇದ್ದರೆ ಕೆಳಗೆ ಇನ್ನೊಂದು ಚಿಕ್ಕ ಚಾರ್ಟ್ ಸೇರಿಸಿ, ಬರೀ ವ್ಯತ್ಯಾಸದ್ದು. ಇದು ಅಲಂಕಾರಕ್ಕೆ ಹೇಳುತ್ತಿಲ್ಲ. ಎರಡು ಬಾಗಿದ ಗೆರೆಗಳ ನಡುವಿನ ಅಂತರವನ್ನು ನಮ್ಮ ಕಣ್ಣು ನೇರ ಮೇಲೆ ಕೆಳಗೆ ಅಳೆಯುವುದಿಲ್ಲ. ಅತಿ ಹತ್ತಿರದ ದೂರವನ್ನು ಅಳೆಯುತ್ತದೆ. ಸಂಖ್ಯಾಶಾಸ್ತ್ರಜ್ಞರಾದ ವಿಲಿಯಂ ಕ್ಲೀವ್‌ಲೆಂಡ್ ಮತ್ತು ರಾಬರ್ಟ್ ಮೆಕ್‌ಗಿಲ್ 1984ರಲ್ಲಿ ಪ್ಲೇಫೇರ್‌ನ ಈಸ್ಟ್ ಇಂಡೀಸ್ ಚಾರ್ಟನ್ನೇ ಇಟ್ಟುಕೊಂಡು ಇದನ್ನು ತೋರಿಸಿದರು. ವ್ಯತ್ಯಾಸವನ್ನು ಬೇರೆಯಾಗಿ ಬಿಡಿಸಿದಾಗ 1760ರ ನಂತರ ಒಂದು ದಿಬ್ಬ ಎದ್ದು ಕಂಡಿತು. ಮೂಲ ಚಾರ್ಟಿನಲ್ಲಿ ಅದು ಕಣ್ಣಿಗೆ ಬೀಳುವುದೇ ಇಲ್ಲ. ಆ ಈಸ್ಟ್ ಇಂಡೀಸ್ ಚಾರ್ಟನ್ನು ಬಿಡಿಸಿ ಪಕ್ಕಕ್ಕೆ ಇವತ್ತಿನ ಭಾರತದ ಅಂಕಿ ಹಾಕುವವರನ್ನೂ ನೋಡಿದ್ದೇನೆ. ಆ ಹೆಸರಿನಡಿ ಚೀನಾದ ಚಹಾ ಕೂಡ ಬರುತ್ತಿತ್ತು. ದಯವಿಟ್ಟು ಅದನ್ನು ಮಾಡಬೇಡಿ.

ಇನ್ನು ನಿಮ್ಮ ಮೊದಲ ಪ್ರಶ್ನೆ. ಪೈಥಾನ್, ಆರ್ ಎರಡೂ ನಡೆಯುತ್ತವೆ, ಕೈಗೆ ಒಗ್ಗಿದ್ದನ್ನು ಬಳಸಿ. ಪೈಥಾನ್‌ನಲ್ಲಿ ಚಾರ್ಟ್ ಬಿಡಿಸುವ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ನಡುವಿನ ಜಾಗ ತುಂಬುವಾಗ ಇಂಟರ್‌ಪೋಲೇಟ್ ಆಯ್ಕೆಯನ್ನು ಟ್ರೂ ಮಾಡಿ. ಗೆರೆಗಳು ದಾಟುವುದು ಎರಡು ವರ್ಷಗಳ ನಡುವೆ ಎಲ್ಲೋ. ಅದನ್ನು ಮಾಡದಿದ್ದರೆ ಅಲ್ಲಿ ತ್ರಿಕೋನದಷ್ಟು ಜಾಗ ಬಣ್ಣ ಇಲ್ಲದೆ ಉಳಿಯುತ್ತದೆ. ಪ್ಲೇಫೇರ್‌ನ ಗೆರೆಗಳು ನಯವಾಗಿವೆ ಅಂತ ನಿಮ್ಮ ಗೆರೆಯನ್ನೂ ಸ್ಪ್ಲೈನ್ ಹಾಕಿ ನಯ ಮಾಡಬೇಡಿ. ಏರಿಳಿತ ಇದ್ದ ಹಾಗೇ ಕಾಣಲಿ. ಬಣ್ಣಕ್ಕೆ ಒಂದೇ ಅಸಲಿ ಅಂತ ಹುಡುಕುವುದೂ ಬೇಡ. ಮುದ್ರಣವಾದ ಮೇಲೆ ಕೈಯಲ್ಲಿ ಬಣ್ಣ ಹಾಕಿದ್ದು ಅದು, ಪ್ರತಿಯಿಂದ ಪ್ರತಿಗೆ ಬೇರೆ ಇರುತ್ತದೆ. ಅಕ್ಷರಕ್ಕೆ ತಾಮ್ರದ ತಗಡಿನ ಕೆತ್ತನೆಯ ಶೈಲಿಯ ಯಾವ ಫಾಂಟ್ ಆದರೂ ಸರಿ. ಹೆಸರುಗಳನ್ನು ಮಾತ್ರ ಗೆರೆಯ ಮೇಲೇ ಬರೆಯಿರಿ, ಪಕ್ಕದಲ್ಲಿ ಬಣ್ಣದ ಪಟ್ಟಿ ಇಡಬೇಡಿ. ಪೌಂಡಿನ ಅಳತೆ ಬಲಗಡೆ ಇರಲಿ, ಅವನು ಇಟ್ಟದ್ದೂ ಅಲ್ಲೇ.

ಬೆಲೆಪಟ್ಟಿ ಕಟ್ಟುವಾಗ ಯಾವ ಕೋಡ್‌ನಲ್ಲಿ ತೂಕ ಬಿಟ್ಟುಹೋಗಿದೆ ಅಂತ ಗೊತ್ತಾದರೆ ಇಲ್ಲೇ ಬರೆಯಿರಿ. ಅದಕ್ಕೆ ನಾನು ಏನು ಮಾಡಿದೆ ಅಂತ ಹೇಳುತ್ತೇನೆ.