ಬೆಲಂ ಗುಹೆಗೆ ಹೊರಟಿರುವ ಅಕ್ಕನಿಗೆ: ಗೈಡ್, ಸೆಕೆ, ಅವ್ವನ ಮೊಣಕಾಲು

ಅಕ್ಕಾ, ದಸರೆ ರಜೆಗೆ ಕಲಬುರಗಿಯಿಂದ ಆಂಧ್ರದ ಬೆಲಂ ಗುಹೆಗೆ ಹೋಗ್ತಿದ್ದೀವಿ, ಅವ್ವನಿಗೆ ಮೊಣಕಾಲು ನೋವು, ಗೈಡ್ ಬೇಕೇ ಬೇಕಾ ಅಂತ ಕೇಳಿದ್ದೀರಿ.

ಗೈಡ್ ತಗೊಳ್ಳಿ. ದಾರಿ ತಪ್ಪುತ್ತೆ ಅಂತಲ್ಲ, ಒಳಗೆ ದೀಪ ಹಾಕಿದ್ದಾರೆ. ಆದರೆ ಜಾರುತ್ತೇನೋ ಅನ್ನೋ ಭಯಕ್ಕೆ ಎಲ್ಲರೂ ನೆಲ ನೋಡಿಕೊಂಡೇ ನಡೆಯುತ್ತಾರೆ. ನೋಡಬೇಕಾದ್ದು ಜಾಸ್ತಿ ಇರೋದು ತಲೆ ಮೇಲೆ. ತೆಲುಗು, ಹಿಂದಿ ಎರಡೂ ನಡೆಯುತ್ತೆ, ನಮ್ಮ ಸೇಡಂ ಕಡೆಯವರಿಗಂತೂ ಚಿಂತೆಯೇ ಇಲ್ಲ. ಒಂದೇ ಕಿರಿಕಿರಿ ಅಂದ್ರೆ, ಗೈಡ್‌ಗಳು "ಇದು ಹಾವು, ಇದು ಸಿಂಹ" ಅಂತ ತೋರಿಸುತ್ತಾ ಓಡಿಸಿಬಿಡುತ್ತಾರೆ. ಶಿವಲಿಂಗದಂಥ ಕಲ್ಲುಗಳು ತುಂಬಿರೋ ಕೋಟಿಲಿಂಗಾಲು ಹತ್ತಿರ ನಿಲ್ಲಿಸಿ, ಟಾರ್ಚನ್ನು ಪಕ್ಕದಿಂದ ಹಿಡಿಯೋಕೆ ಹೇಳಿ. ಬಣ್ಣದ ದೀಪದಲ್ಲಿ ಕಾಣದ ಗೆರೆ, ಪದರ ಎಲ್ಲಾ ಎದ್ದು ಕಾಣುತ್ತೆ. ಮೇಲಿಂದ ಇಳಿದ ಕಲ್ಲು, ಕೆಳಗಿಂದ ಎದ್ದ ಕಲ್ಲು ಕೂಡಿ ಕಂಬವಾಗಿರೋದನ್ನೂ ತೋರಿಸಲು ಹೇಳಿ.

ಮಕ್ಕಳು ಇದು ಹೇಗಾಯ್ತು ಅಂತ ಕೇಳೇ ಕೇಳುತ್ತಾರೆ. ನಮ್ಮ ಮನೆಯ ಶಹಾಬಾದ್ ಪರ್ಸಿ (ನೆಲದ ಹಾಸುಗಲ್ಲು) ಮೇಲೆ ಬಾತ್‌ರೂಮ್ ಆ್ಯಸಿಡ್ ಬಿದ್ದರೆ ಬುಸ್ ಅಂತ ನೊರೆ ಬಂದು ಹೊಳಪು ಹೋಗುತ್ತಲ್ವಾ? ಗುಹೆಯ ಕಲ್ಲಿನ ಹಾಗೆ ಅದೂ ಸುಣ್ಣದ ಕಲ್ಲೇ. ಮಳೆ ನೀರು ಗಾಳಿ, ಮಣ್ಣಿನಿಂದ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ತುಸು ಹುಳಿಯಾಗುತ್ತೆ. ಆ ನೀರು ಸಾವಿರಾರು ವರ್ಷ ಬಿರುಕಿನಲ್ಲಿ ಇಳಿದು ಕಲ್ಲನ್ನು ಕರಗಿಸಿ ಗುಹೆ ಮಾಡಿದೆ. ಒಳಗೆ ಹನಿ ತೊಟ್ಟಿಕ್ಕುವಾಗ ಆ ಅನಿಲ ಹಾರಿಹೋಗಿ, ಕರಗಿದ ಸುಣ್ಣ ಅಲ್ಲೇ ಕೂರುತ್ತೆ. ಅದಕ್ಕೇ ಯಾವುದನ್ನೂ ಮುಟ್ಟಬೇಡಿ. ಕೈಯ ಜಿಡ್ಡು ಹತ್ತಿದ ಕಡೆ ಸುಣ್ಣ ಸರಿಯಾಗಿ ಕೂರಲ್ಲ, ಕಲೆಯೂ ಉಳಿಯುತ್ತೆ. ಸಪ್ತಸ್ವರಾಲ ಗುಹೆಯಲ್ಲಿ ಕಂಬ ತಟ್ಟಿ ನಾದ ಕೇಳಿಸುತ್ತಾರೆ. ನನಗಂತೂ ಅದು ಇಷ್ಟವಿಲ್ಲ.

ಈಗ ಅವ್ವನ ವಿಷಯ. ಗುಹೆಗೆ ಹೋಗೋದೇ ಬಾವಿಯಂಥ ಗುಂಡಿಯೊಳಗೆ ಮೆಟ್ಟಿಲಿಳಿದು. ನಿಧಾನಕ್ಕೆ ಇಳಿಸಿ, ಮೊದಲ ದೊಡ್ಡ ಅಂಗಳಗಳನ್ನು ತೋರಿಸಿದರೆ ಸಾಕು. ಒಟ್ಟು 3,229 ಮೀಟರ್ ಗುಹೆಯಲ್ಲಿ ಜನರಿಗೆ ತೆರೆದಿರೋದು ಸುಮಾರು ಒಂದೂವರೆ ಕಿಲೋಮೀಟರ್. ಅಷ್ಟನ್ನೂ ಅವ್ವ ನಡೆಯಬೇಕಾಗಿಲ್ಲ. ಒಳಗೆ ನೀರು ಹರಿಯೋ ಪಾತಾಳಗಂಗೆಯಂತೂ ಬೇಡ. ಅದು ಸುಮಾರು 46 ಮೀಟರ್ ಆಳದಲ್ಲಿದೆ, ಇಳಿದಷ್ಟೂ ಹತ್ತಬೇಕು. ಗುಹೆ ಅಂದ್ರೆ ತಂಪು ಅಂತ ಹೋಗಬೇಡಿ. ಹೊರಗಿನ ಗಾಳಿಯನ್ನು ಪೈಪಿನಲ್ಲಿ ಬಿಟ್ಟರೂ ಒಳಗೆ ಸೆಕೆ, ಮೈಯೆಲ್ಲಾ ಬೆವರು. ಉಸಿರಾಟದ ತೊಂದರೆ ಇದ್ದವರು ಮೇಲೇ ಇರೋದು ವಾಸಿ. ಹತ್ತಿ ಬಟ್ಟೆ, ಹಿಡಿತ ಇರೋ ಬೂಟು, ನೀರು ಇರಲಿ. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹೋದರೆ ಗದ್ದಲ ಕಡಿಮೆ.

ರೈಲು ಸುಲಭ. ನಮ್ಮ ವಾಡಿ, ರಾಯಚೂರು, ಗುಂತಕಲ್ ಲೈನಿನಲ್ಲೇ ಮುಂದೆ ತಾಡಿಪತ್ರಿ ಬರುತ್ತೆ. ಎಲ್ಲಾ ಗಾಡಿ ಅಲ್ಲಿ ನಿಲ್ಲಲ್ಲ, ನೋಡಿ ಟಿಕೆಟ್ ಮಾಡಿಸಿ. ಅಲ್ಲಿಂದ ಗುಹೆ ಸುಮಾರು 30 ಕಿಲೋಮೀಟರ್. ಹೋಗಿಬರೋಕೆ ಒಂದೇ ಗಾಡಿ ಮಾತಾಡಿಕೊಳ್ಳಿ. ಹೊತ್ತಿದ್ದರೆ ತಾಡಿಪತ್ರಿಯ ಬುಗ್ಗ ರಾಮಲಿಂಗೇಶ್ವರ ಗುಡಿ ನೋಡಿ, ವಿಜಯನಗರದ ಕಾಲದ ಕೆತ್ತನೆ ಇದೆ. ಅಲ್ಲಿ ಅವ್ವನಿಗೂ ಸಲೀಸು.