130 ಜಿಇವಿ ಬಳಿ ಕಂಡ ಉಬ್ಬು: ಪ್ರತಿಕ್ರಿಯೆ
ಗಾಮಾ ಕಿರಣ ನೋಡುವ ಬಾಹ್ಯಾಕಾಶ ದೂರದರ್ಶಕ ಫರ್ಮಿಯ ಡೇಟಾದಲ್ಲಿ, ಗ್ಯಾಲಕ್ಸಿಯ ನಡುಭಾಗದಿಂದ ಬಂದ ಗಾಮಾ ಕಿರಣಗಳ ಎಣಿಕೆ 130 ಜಿಇವಿ (ಶಕ್ತಿಯ ಅಳತೆ) ಬಳಿ ಉಬ್ಬಿದೆ, ಇದು ಡಾರ್ಕ್ ಮ್ಯಾಟರ್ (ಕಣ್ಣಿಗೆ ಕಾಣದ ದ್ರವ್ಯ) ಸುಳಿವೇ ಎಂದು ಕೇಳಿದ್ದೀರಿ. ಆ ಉಬ್ಬು ಬಹುಶಃ ಡಾರ್ಕ್ ಮ್ಯಾಟರ್ ಅಲ್ಲ, ಉಪಕರಣದ್ದೇ ಚೇಷ್ಟೆ. ನೀವು ಬಳಸಿದ್ದು ಪಾಸ್ 7, ಅಂದರೆ ಫರ್ಮಿ ಡೇಟಾದ ಹಳೆಯ ಆವೃತ್ತಿಯ ಫೈಲುಗಳು, ಅಲ್ವಾ? 2012ರಲ್ಲಿ ಇದೇ ಉಬ್ಬು ದೊಡ್ಡ ಸುದ್ದಿಯಾಗಿತ್ತು. ಆಮೇಲೆ ಭೂಮಿಯ ಅಂಚಿನಿಂದ ಬರುವ ಗಾಮಾ ಕಿರಣಗಳಲ್ಲೂ ಅದು ಚೂರು ಇಣುಕಿತು. ಅಲ್ಲಿ ಡಾರ್ಕ್ ಮ್ಯಾಟರ್‌ಗೆ ಏನು ಕೆಲಸ!

ಮೊದಲು ಅದರ ನಂತರದ ಆವೃತ್ತಿಯಾದ ಪಾಸ್ 8 ಡೇಟಾ ಇಳಿಸಿಕೊಳ್ಳಿ. ಫರ್ಮಿ ತಂತ್ರಾಂಶದಲ್ಲಿ ಫೋಟಾನ್ ಆರಿಸುವ ಜಿಟಿಸೆಲೆಕ್ಟ್‌ನಲ್ಲಿ ಜೆನಿತ್ ಕೋನವನ್ನು (ನೆತ್ತಿಯಿಂದ ಅಳೆಯುವ ಕೋನ) 90 ಡಿಗ್ರಿಗೆ ನಿಲ್ಲಿಸಿ, ನಂತರ ಒಳ್ಳೆಯ ಸಮಯದ ಡೇಟಾವನ್ನಷ್ಟೇ ಉಳಿಸುವ ಜಿಟಿಎಂಕೆಟೈಮ್ ಓಡಿಸಿ. ವೀಕ್ಷಣೆಯ ಸಮಯ ಲೆಕ್ಕ ಹಾಕುವ ಜಿಟಿಎಲ್‌ಟಿಕ್ಯೂಬ್‌ನಲ್ಲೂ ಜೆಡ್‌ಮ್ಯಾಕ್ಸ್ (ಗರಿಷ್ಠ ಜೆನಿತ್ ಕೋನ) 90 ಎಂದೇ ಕೊಡಿ. ಇದನ್ನು ಮರೆತು ನಾನೇ ಎರಡು ದಿನ ಕಳೆದುಕೊಂಡಿದ್ದೆ. ಕೊನೆಗೆ ಮೂಲ ಫೈಲಿನಿಂದ 111–113 ಡಿಗ್ರಿ ಜೆನಿತ್ ಕೋನದ, ಅಂದರೆ ಭೂಮಿಯ ಅಂಚಿನ, ಫೋಟಾನ್‌ಗಳನ್ನಷ್ಟೇ ತೆಗೆದು ಉಬ್ಬು ಹುಡುಕಲು ಮಾಡಿದ ಅದೇ ಫಿಟ್ (ಡೇಟಾಗೆ ರೇಖೆ ಹೊಂದಿಸುವುದು) ಮಾಡಿ. ಅಲ್ಲೂ ಉಬ್ಬಿದ್ದರೆ ಉಪಕರಣದ್ದೇ ಅನ್ನಬಹುದು. ಇಲ್ಲದಿದ್ದರೆ ಉಬ್ಬಿನೊಳಗಿನ ಫೋಟಾನ್ ಎಣಿಸಿ. ಬೆರಳೆಣಿಕೆಯಷ್ಟಿದ್ದರೆ ಸುಮ್ನೆ ಏರಿಳಿತವೂ ಆಗಿರಬಹುದು, ಅಷ್ಟರಿಂದಲೇ ಖಚಿತವಾಗಿ ಹೇಳಲಾಗದು.