ಬ್ಲಾಗ್ ಬರೀತಾನೇ ಇದೀವಿ, ಗೂಗಲ್‌ನಲ್ಲಿ ಕಾಣ್ತಾನೇ ಇಲ್ಲ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಬ್ಯಾಕ್‌ಪ್ಯಾಕ್, ಲ್ಯಾಪ್‌ಟಾಪ್ ಬ್ಯಾಗ್ ಮಾರೋ ಆನ್‌ಲೈನ್ ಸ್ಟೋರ್ ನಂದು. ಎರಡು ವರ್ಷದಲ್ಲಿ ಹತ್ತಿರ ಹತ್ತಿರ ಅರವತ್ತು ಪೋಸ್ಟ್ ಬರ್ದಿದೀನಿ, ಗೂಗಲ್‌ನಿಂದ ಜನಾನೂ ಬರ್ತಿದ್ರು. ನಾಲ್ಕು ತಿಂಗಳ ಹಿಂದೆ ಸೈಟನ್ನ ವರ್ಡ್‌ಪ್ರೆಸ್‌ನಿಂದ ಶಾಪಿಫೈ ಪ್ಲಾಟ್‌ಫಾರ್ಮ್‌ಗೆ ತಂದ್ವಿ, ಅಲ್ಲಿಂದ ಬ್ಲಾಗ್ ಪೂರ್ತಿ ಮಾಯ. ವಾರಕ್ಕೆ ಮೂರು ಹೊಸ ಪೋಸ್ಟ್ ಹಾಕ್ತಾ ಹೋದ್ರೆ ವಾಪಸ್ ಬರತ್ತಾ?

ಉತ್ತರ: ದಯವಿಟ್ಟು ಹೊಸದು ಬರಿಯೋದನ್ನ ಒಂದು ತಿಂಗಳು ನಿಲ್ಸಿ. ನಿಮ್ಮ ಅರವತ್ತು ಪೋಸ್ಟ್ ಎಲ್ಲೂ ಹೋಗಿಲ್ಲ, ಅವುಗಳ ಅಡ್ರೆಸ್ ಬದಲಾಗಿದೆ ಅಷ್ಟೆ. ಶಾಪಿಫೈನಲ್ಲಿ ಬ್ಲಾಗ್ ಪೋಸ್ಟ್‌ನ ಯುಆರ್‌ಎಲ್ ಯಾವಾಗ್ಲೂ 'ಬ್ಲಾಗ್ಸ್' ಅಂತ ಶುರುವಾಗಿ, ಆಮೇಲೆ ಬ್ಲಾಗಿನ ಹೆಸರು, ಆಮೇಲೆ ಪೋಸ್ಟ್‌ನ ಹೆಸರು ಬರತ್ತೆ, ಹಳೇ ಸೈಟ್‌ನಲ್ಲಿ ನೀವು ಬೇರೆ ಥರ ಇಟ್ಕೊಂಡಿರ್ತೀರ. ಗೂಗಲ್‌ಗೆ ಒಂದು ಅಕ್ಷರ ಬದಲಾದ್ರೂ ಅದು ಬೇರೆ ಪೇಜ್. ಎರಡು ವರ್ಷ ಯಾರ್ಯಾರೋ ನಿಮ್ಮ ಪೋಸ್ಟ್‌ಗೆ ಕೊಟ್ಟ ಲಿಂಕ್ ಎಲ್ಲಾ ಈಗ ಹೋಗಿ 404ಕ್ಕೆ, ಅಂದ್ರೆ 'ಪೇಜ್ ಸಿಗ್ಲಿಲ್ಲ' ಅನ್ನೋ ಪುಟಕ್ಕೆ ಬೀಳ್ತಿರತ್ತೆ, ನೋಡಿದ್ರೆ ಹೊಟ್ಟೆ ಉರಿಯತ್ತೆ.

ಮಾಡ್ಬೇಕಾದ್ದು ಇಷ್ಟು. ಸೈಟ್ ಇರೋರಿಗೆ ಗೂಗಲ್ ಕೊಡೋ ಸರ್ಚ್ ಕನ್ಸೋಲ್‌ನ ಪರ್ಫಾರ್ಮೆನ್ಸ್ ರಿಪೋರ್ಟ್ ತೆಗೀರಿ, ಪ್ಲಾಟ್‌ಫಾರ್ಮ್ ಬದಲಾಯಿಸೋಕೆ ಮುಂಚಿನ ತಿಂಗಳುಗಳನ್ನ ಆರಿಸ್ಕೊಳ್ಳಿ, ಪೇಜಸ್ ಟ್ಯಾಬ್‌ಗೆ ಹೋಗಿ ಎಕ್ಸ್‌ಪೋರ್ಟ್ ಮಾಡಿ. ಇದನ್ನ ಇವತ್ತೇ ಮಾಡಿ, ಯಾಕಂದ್ರೆ ಅಲ್ಲಿ 16 ತಿಂಗಳ ಡೇಟಾ ಮಾತ್ರ ಇರತ್ತೆ, ಹಳೇದು ದಿನಾ ಒಂದೊಂದು ದಿನದಂತೆ ಅಳಿಸಿ ಹೋಗ್ತಿರತ್ತೆ. ಆ ಪಟ್ಟೀಲಿರೋ ಪ್ರತಿ ಹಳೇ ಯುಆರ್‌ಎಲ್ ಪಕ್ಕ ಅದೇ ಪೋಸ್ಟ್‌ನ ಹೊಸ ಯುಆರ್‌ಎಲ್ ಬರ್ದು 301 ರೀಡೈರೆಕ್ಟ್ (ಹಳೇ ಅಡ್ರೆಸ್‌ಗೆ ಬಂದೋರನ್ನ ಕಾಯಂ ಆಗಿ ಹೊಸದಕ್ಕೆ ಕಳ್ಸೋದು) ಹಾಕಿ, ಸಿಎಸ್‌ವಿ ಫೈಲ್ ಮಾಡಿ ಒಂದೇ ಸಲ ಏರಿಸ್ಬೋದು. ತುಂಬಾ ಜನ ಬೇಜಾರಾಗಿ ಅರವತ್ತನ್ನೂ ಹೋಮ್ ಪೇಜ್‌ಗೆ ತಿರುಗಿಸ್ಬಿಡ್ತಾರೆ, ಹಾಗೆ ಮಾಡ್ಬೇಡಿ, ಗೂಗಲ್ ಅದನ್ನ ಸಾಫ್ಟ್ 404, ಅಂದ್ರೆ ಆ ಪೇಜೇ ಇಲ್ಲ ಅಂತ ತಗೊಂಡ್ರೆ ಪಟ್ಟ ಶ್ರಮ ಎಲ್ಲಾ ನೀರಲ್ಲಿ ಹೋಮ. ರೀಡೈರೆಕ್ಟ್‌ಗಳನ್ನ ಕನಿಷ್ಠ ಒಂದು ವರ್ಷ ಇಟ್ಟಿರಿ ಅಂತ ಗೂಗಲ್ಲೇ ಹೇಳತ್ತೆ, ನಾನಂತೂ ತೆಗೀಲೇಬೇಡಿ ಅಂತೀನಿ.

ಇನ್ನೊಂದು ಇದೆ, ಇದನ್ನ ಕಣ್ಣಾರೆ ಕಂಡಿದೀನಿ. ಒಬ್ಬರ ಸ್ಟೋರ್‌ನಲ್ಲಿ ರೀಡೈರೆಕ್ಟ್ ಎಲ್ಲಾ ಸರಿ ಇತ್ತು, ಸೈಟ್‌ಮ್ಯಾಪ್ (ಸೈಟ್‌ನ ಪೇಜ್‌ಗಳ ಪಟ್ಟಿ) ಸರಿ ಇತ್ತು, ಆದ್ರೂ ಒಂದು ಪೋಸ್ಟೂ ಇಂಡೆಕ್ಸ್ ಆಗ್ತಿರ್ಲಿಲ್ಲ, ಅಂದ್ರೆ ಗೂಗಲ್‌ನ ಸಂಗ್ರಹಕ್ಕೆ ಸೇರ್ತಿರ್ಲಿಲ್ಲ. ಕೊನೆಗೆ ಪೋಸ್ಟ್ ಮೇಲೆ ರೈಟ್ ಕ್ಲಿಕ್ ಮಾಡಿ ಪೇಜ್ ಸೋರ್ಸ್ ತೆಗ್ದು 'ನೋಇಂಡೆಕ್ಸ್' (ಈ ಪೇಜ್ ಸೇರಿಸ್ಬೇಡ) ಅನ್ನೋ ಪದ ಹುಡುಕಿದ್ವಿ. ಸರ್ಚ್ ಎಂಜಿನ್‌ಗೆ ಸೂಚನೆ ಕೊಡೋ ರೋಬೋಟ್ಸ್ ಮೆಟಾ ಟ್ಯಾಗ್ ಒಳಗೆ ಆರಾಮಾಗಿ ಕೂತಿತ್ತು. ಥೀಮ್ ರೆಡಿ ಮಾಡೋವಾಗ, ಅರ್ಧಂಬರ್ಧ ಪೇಜ್‌ಗಳು ಹೊರಗೆ ಕಾಣ್ಬಾರ್ದು ಅಂತ ಡೆವಲಪರ್ ಹಾಕಿದ್ದು, ತೆಗಿಯೋದು ಮರ್ತಿದ್ದು. ವರ್ಡ್‌ಪ್ರೆಸ್ ಬಳಸೋರು ಸೆಟ್ಟಿಂಗ್ಸ್‌ನ ರೀಡಿಂಗ್ ಪುಟದಲ್ಲಿ ಸರ್ಚ್ ಎಂಜಿನ್‌ಗಳನ್ನ ದೂರ ಇಡೋ ಟಿಕ್ ಬಾಕ್ಸ್ ನೋಡ್ಕೊಳ್ಳಿ, ಒಂದೇ ಒಂದು ಟಿಕ್ ಸಾಕು ಇಡೀ ಸೈಟ್ ಮುಳುಗಿಸೋಕೆ. ಸರ್ಚ್ ಎಂಜಿನ್ ಎಲ್ಲೆಲ್ಲಿ ಓದ್ಬಾರ್ದು ಅಂತ ಹೇಳೋ ರೋಬೋಟ್ಸ್ ಟಿಎಕ್ಸ್‌ಟಿ ಫೈಲ್‌ನಲ್ಲಿ ಬ್ಲಾಗ್ ಬ್ಲಾಕ್ ಆಗಿದ್ಯಾ ಅಂತಾನೂ ನೋಡಿ. ಎರಡೂ ಒಟ್ಟಿಗೆ ಇದ್ರೆ ಇನ್ನೂ ಗೊಂದಲ, ರೋಬೋಟ್ಸ್ ಫೈಲ್ ತಡೆದ್ರೆ ಗೂಗಲ್ ಪೇಜ್ ಓದೋದೇ ಇಲ್ಲ, ಓದದಿದ್ರೆ ನೀವು ನೋಇಂಡೆಕ್ಸ್ ತೆಗ್ದಿದ್ದೂ ಅದಕ್ಕೆ ಗೊತ್ತಾಗಲ್ಲ.

ಪ್ರಶ್ನೆ: ಸರ್ಚ್ ಕನ್ಸೋಲ್‌ನಲ್ಲಿ ನಮ್ಮ ಅರ್ಧಕ್ಕರ್ಧ ಪೋಸ್ಟ್‌ಗಳ ಮುಂದೆ 'ಕ್ರಾಲ್ಡ್, ಕರೆಂಟ್ಲಿ ನಾಟ್ ಇಂಡೆಕ್ಸ್ಡ್' ಅಂತ ಬರ್ತಿದೆ. ದಿನಾ ರಿಕ್ವೆಸ್ಟ್ ಇಂಡೆಕ್ಸಿಂಗ್ ಒತ್ತಿ ಒತ್ತಿ ಸಾಕಾಯ್ತು. ಏನ್ ಮಾಡ್ಲಿ?

ಉತ್ತರ: ಒತ್ತೋದು ಬಿಡಿ, ಒಂದೇ ಪೇಜ್‌ಗೆ ಎಷ್ಟು ಸಲ ಒತ್ತಿದ್ರೂ ಬೇಗ ಏನೂ ಆಗಲ್ಲ. ಇದರ ಅರ್ಥ ಏನಂದ್ರೆ ಗೂಗಲ್ ಬಂತು, ಓದ್ತು, ಸದ್ಯಕ್ಕೆ ಇಟ್ಕೊಳ್ಳೋದು ಬೇಡ ಅಂದ್ಕೊಳ್ತು. 'ಡಿಸ್ಕವರ್ಡ್' ಅಂತ ಇದ್ದಿದ್ರೆ ಯುಆರ್‌ಎಲ್ ಗೊತ್ತಿದೆ, ಇನ್ನೂ ಬಂದು ನೋಡಿಲ್ಲ ಅಂತ. ನಿಮ್ಮದು ನೋಡಿ ಬಿಟ್ಟಿದ್ದು, ಹಾಗಾಗಿ ಪೋಸ್ಟನ್ನೇ ನೋಡ್ಬೇಕು.

ನೀವು ಕಳ್ಸಿದ ಪೋಸ್ಟ್ ಓದ್ದೆ, 'ಒಳ್ಳೆ ಲ್ಯಾಪ್‌ಟಾಪ್ ಬ್ಯಾಗ್ ಆರಿಸೋದು ಹೇಗೆ'. ಗಟ್ಟಿ ಬಟ್ಟೆ ನೋಡಿ, ಜಿಪ್ ನೋಡಿ, ನಿಮ್ಮ ಬಜೆಟ್ ನೋಡಿ. ತಪ್ಪೇನಿಲ್ಲ, ಆದ್ರೆ ಇದನ್ನ ಬ್ಯಾಗ್ ಮುಟ್ಟದೇ ಇರೋರೂ ಬರೀಬೋದು, ಬರ್ದೂ ಇದಾರೆ. ನೀವು ದಿನಾ ಬ್ಯಾಗ್ ಪ್ಯಾಕ್ ಮಾಡ್ತೀರ, ರಿಟರ್ನ್ ತಗೊಳ್ತೀರ, ಗ್ರಾಹಕರ ಬೈಗುಳ ಕೇಳ್ತೀರ, ಅದು ಯಾರ ಹತ್ರಾನೂ ಇಲ್ಲ. ರಿಟರ್ನ್‌ನಲ್ಲಿ ಯಾವ ಕಾರಣ ಜಾಸ್ತಿ ಬರತ್ತೆ ನೋಡಿ. '15.6 ಇಂಚ್ ಅಂತ ಇತ್ತು, ನನ್ನ 15.6 ಇಂಚ್ ಲ್ಯಾಪ್‌ಟಾಪ್ ಒಳಗೇ ಹೋಗ್ತಿಲ್ಲ' ಅನ್ನೋದು ಖಂಡಿತ ಇರತ್ತೆ. ಯಾಕಂದ್ರೆ 15.6 ಅನ್ನೋದು ಸ್ಕ್ರೀನ್‌ನ ಮೂಲೆಯಿಂದ ಮೂಲೆಗೆ ಇರೋ ಅಳತೆ. 16:9 ಸ್ಕ್ರೀನ್ ಆದ್ರೆ ಬರೀ ಸ್ಕ್ರೀನಿನ ಅಗಲಾನೇ ಸುಮಾರು 34.5 ಸೆಂಟಿಮೀಟರ್, ಅದರ ಸುತ್ತ ಅಂಚು ಬೇರೆ, ಆ ಅಂಚು ಮಾಡೆಲ್‌ನಿಂದ ಮಾಡೆಲ್‌ಗೆ ಬದಲಾಗತ್ತೆ. ಈಗ ನಿಮ್ಮ ಬ್ಯಾಗಿನ ಒಳ ಪಾಕೆಟ್‌ಗೆ ಟೇಪ್ ಇಟ್ಟು ಅಳೀರಿ, ಟೇಪ್ ಕಾಣೋ ಹಾಗೆ ಫೋಟೋ ತೆಗೀರಿ, ಜಿಪ್ ಹತ್ರ ಎಷ್ಟು ಬಿಗಿಯಾಗತ್ತೆ ಬರೀರಿ, ಯಾವ ಅಳತೆಯ ಲ್ಯಾಪ್‌ಟಾಪ್ ಹೋಗಲ್ಲ ಅನ್ನೋದನ್ನೂ ಮುಚ್ಚಿಡದೆ ಬರೀರಿ. ಗೂಗಲ್ ತನ್ನ ಕ್ವಾಲಿಟಿ ರೇಟರ್ ಗೈಡ್‌ಲೈನ್ಸ್‌ಗೆ (ಹುಡುಕಾಟದ ಫಲಿತಾಂಶ ಪರೀಕ್ಷಿಸೋರಿಗೆ ಕೊಡೋ ಸೂಚನೆ) 2022ರ ಡಿಸೆಂಬರ್‌ನಲ್ಲಿ 'ಎಕ್ಸ್‌ಪೀರಿಯನ್ಸ್' ಅನ್ನೋದನ್ನ ಸೇರಿಸ್ತು, ಅಂದ್ರೆ ಬರೆದೋರು ಆ ವಸ್ತುನ ನಿಜವಾಗ್ಲೂ ಬಳಸಿದಾರಾ ಅನ್ನೋದು. ಟೇಪ್ ಇಟ್ಟ ಆ ಫೋಟೋನೇ ಅದಕ್ಕೆ ಸಾಕ್ಷಿ.

ಆಮೇಲೆ ಪೋಸ್ಟ್‌ಗೆ ದಾರಿ ಮಾಡಿ. ಬಹಳ ಸ್ಟೋರ್‌ಗಳಲ್ಲಿ ಬ್ಲಾಗ್ ಅನ್ನೋದು ಫೂಟರ್‌ನಲ್ಲಿ ಒಂದು ಸಣ್ಣ ಲಿಂಕ್, ಹೊಸ ಪೋಸ್ಟ್ ಬಂದ ಹಾಗೆ ಹಳೇದು ಐದನೇ ಪುಟಕ್ಕೆ, ಆರನೇ ಪುಟಕ್ಕೆ ಜಾರತ್ತೆ, ಕೊನೆಗೆ ಅಟ್ಟದ ಮೇಲಿನ ಸಾಮಾನಿನ ಥರ ಯಾರೂ ಮುಟ್ಟಲ್ಲ. ಲ್ಯಾಪ್‌ಟಾಪ್ ಬ್ಯಾಗ್‌ಗಳನ್ನೆಲ್ಲಾ ಒಟ್ಟಿಗೆ ತೋರಿಸೋ ಕಲೆಕ್ಷನ್ ಪೇಜ್‌ನಿಂದ, ಪ್ರತಿ ಬ್ಯಾಗಿನ ಪ್ರಾಡಕ್ಟ್ ಪೇಜ್‌ನಿಂದ ಈ ಅಳತೆ ಪೋಸ್ಟ್‌ಗೆ ಲಿಂಕ್ ಕೊಡಿ. 'ಇಲ್ಲಿ ಕ್ಲಿಕ್ ಮಾಡಿ' ಅಂತ ಬೇಡ, 'ನಿಮ್ಮ ಲ್ಯಾಪ್‌ಟಾಪ್ ಈ ಬ್ಯಾಗ್‌ಗೆ ಹಿಡಿಯತ್ತಾ, ಅಳತೆ ನೋಡಿ' ಅಂತ ಬರೀರಿ. ಕೊಳ್ಳೋರಿಗೂ ಅದೇ ಬೇಕು.

ಪ್ರಶ್ನೆ: ಹಳೇ ಪೋಸ್ಟ್‌ಗಳ ಡೇಟ್ ಮಾತ್ರ ಇವತ್ತಿಂದು ಮಾಡಿದ್ರೆ ಮೇಲೆ ಬರತ್ತೆ ಅಂತ ಒಬ್ರು ಹೇಳಿದ್ರು, ನಿಜಾನಾ?

ಉತ್ತರ: ಇಲ್ಲ. ಒಳಗೆ ನಿಜವಾಗ್ಲೂ ಬದಲಾಯಿಸಿದ್ರೆ ಮಾತ್ರ ಡೇಟ್ ಬದಲಾಯಿಸಿ. ಸೈಟ್‌ಮ್ಯಾಪ್‌ನಲ್ಲಿರೋ ಲಾಸ್ಟ್‌ಮಾಡ್ (ಕೊನೇ ಸಲ ಬದಲಾದ) ತಾರೀಖನ್ನ ಅದು ನಂಬಿಕಸ್ಥವಾಗಿದ್ರೆ ಗೂಗಲ್ ಬಳಸತ್ತೆ, ಸುಳ್ಳು ಹಾಕ್ತಾ ಹೋದ್ರೆ ನಂಬೋದು ಬಿಡತ್ತೆ. ಅದೇ ಸೈಟ್‌ಮ್ಯಾಪ್‌ನಲ್ಲಿ ಪ್ರಯಾರಿಟಿ (ಪೇಜ್ ಎಷ್ಟು ಮುಖ್ಯ), ಚೇಂಜ್‌ಫ್ರೀಕ್ (ಎಷ್ಟು ಸಲ ಬದಲಾಗತ್ತೆ) ಅಂತ ಇರೋದನ್ನಂತೂ ನೋಡೋದೇ ಇಲ್ಲ, ಅದಕ್ಕೆ ಟೈಮ್ ಹಾಕ್ಬೇಡಿ.

ಪ್ರಶ್ನೆ: ಒಂದೇ ವಿಷಯದ ಮೇಲೆ ನಮ್ಮದು ನಾಲ್ಕು ಪೋಸ್ಟ್ ಇದೆ, ಜೊತೆಗೆ ಕಲೆಕ್ಷನ್ ಪೇಜ್ ಬೇರೆ. ಒಂದೊಂದ್ ದಿನ ಒಂದೊಂದು ಕಾಣತ್ತೆ, ಯಾವ್ದೂ ಮೇಲೆ ನಿಲ್ತಿಲ್ಲ. ಮಾರಾಟ ಆಗ್ಬೇಕಿದ್ದ ಹುಡುಕಾಟಕ್ಕೂ ಬ್ಲಾಗೇ ಬರತ್ತೆ.

ಉತ್ತರ: ನಿಮ್ಮ ಮನೆಯವರೇ ನಿಮಗೆ ಪೈಪೋಟಿ ಕೊಡ್ತಿದಾರೆ. ಸರ್ಚ್ ಕನ್ಸೋಲ್‌ನಲ್ಲಿ ಒಂದು ಕ್ವೆರಿ (ಜನ ಹುಡುಕಿದ ಪದ) ಮೇಲೆ ಕ್ಲಿಕ್ ಮಾಡಿ ಪೇಜಸ್ ಟ್ಯಾಬ್ ನೋಡಿ, ಯಾವ್ಯಾವ ಪೇಜ್ ಆ ಹುಡುಕಾಟಕ್ಕೆ ಬರ್ತಿದೆ ಅಂತ ಗೊತ್ತಾಗತ್ತೆ. ನಾಲ್ಕರಲ್ಲಿ ಜಾಸ್ತಿ ಕ್ಲಿಕ್, ಜಾಸ್ತಿ ಲಿಂಕ್ ಇರೋದನ್ನ ಉಳಿಸ್ಕೊಳ್ಳಿ, ಉಳಿದ ಮೂರರಲ್ಲಿರೋ ಒಳ್ಳೆ ಪ್ಯಾರಾ, ಫೋಟೋ ಎಲ್ಲಾ ಅದಕ್ಕೆ ಸೇರಿಸಿ, ಮೂರನ್ನೂ 301 ಹಾಕಿ ಅದಕ್ಕೇ ತಿರುಗಿಸಿ. ಕಷ್ಟಪಟ್ಟು ಬರ್ದಿದ್ದು ಅಂತ ಕೈ ಬರಲ್ಲ, ಗೊತ್ತು, ಆದ್ರೂ ಮಾಡಿ.

ಕಲೆಕ್ಷನ್ ಪೇಜ್‌ನ ಟೈಟಲ್ ಕೊಳ್ಳೋಕೆ ಬಂದೋರ ಮಾತಲ್ಲಿರ್ಲಿ, ಪೋಸ್ಟ್‌ನ ಟೈಟಲ್ ತಿಳ್ಕೊಳ್ಳೋಕೆ ಬಂದೋರ ಪ್ರಶ್ನೆಯಲ್ಲಿರ್ಲಿ. ಪೋಸ್ಟ್‌ನ ಮೊದಲ ಎರಡು ಪ್ಯಾರಾ ಒಳಗೇ ಕಲೆಕ್ಷನ್‌ಗೆ ಒಂದು ಲಿಂಕ್ ಇರ್ಲಿ. ಹಾಗೇ ಸ್ಟಾಕ್ ನಿಂತೋದ ಬ್ಯಾಗ್‌ಗಳ ಪೇಜ್ ಅಳಿಸೋವಾಗ ಯಾವ ಪೋಸ್ಟ್ ಅದಕ್ಕೆ ಲಿಂಕ್ ಕೊಟ್ಟಿದೆ ನೋಡ್ಕೊಂಡು ಅಳಿಸಿ, ಓದ್ತಾ ಓದ್ತಾ ಕ್ಲಿಕ್ ಮಾಡ್ದೋರು 404 ನೋಡಿದ್ರೆ ಅಲ್ಲಿಂದಾನೇ ವಾಪಸ್ ಹೋಗ್ತಾರೆ.

ಪ್ರಶ್ನೆ: ಎಐ ಹತ್ರ ತಿಂಗಳಿಗೆ ನೂರು ಪೋಸ್ಟ್ ಬರೆಸಿ ಹಾಕಿದ್ರೆ ಗೂಗಲ್ ಹಿಡಿಯತ್ತಾ?

ಉತ್ತರ: ಎಐ ಬಳಸಿದ್ರಿ ಅನ್ನೋ ಒಂದೇ ಕಾರಣಕ್ಕೆ ಗೂಗಲ್ ತೆಗೆದು ಹಾಕಲ್ಲ. ಆದ್ರೆ ರ‍್ಯಾಂಕ್ ಏರಿಸೋದಕ್ಕೇ ಅಂತ, ಓದೋರಿಗೆ ಉಪಯೋಗ ಇಲ್ಲದ ಪೇಜ್‌ಗಳನ್ನ ರಾಶಿ ರಾಶಿ ಹಾಕೋದನ್ನ 2024ರ ಮಾರ್ಚ್‌ನಿಂದ ಸ್ಪ್ಯಾಮ್ ಪಾಲಿಸಿಯಲ್ಲಿ 'ಸ್ಕೇಲ್ಡ್ ಕಂಟೆಂಟ್ ಅಬ್ಯೂಸ್' ಅಂತ ಸೇರಿಸಿದಾರೆ, ಮನುಷ್ಯರು ಬರೆದ್ರೂ ಅಷ್ಟೇ, ಮಷೀನ್ ಬರೆದ್ರೂ ಅಷ್ಟೇ. ನೂರು ಬೇಡ, ತಿಂಗಳಿಗೆ ಎರಡು ಬರೀರಿ, ಅದೂ ಗ್ರಾಹಕರು ನಿಮಗೆ ಮೆಸೇಜ್ ಮಾಡಿ ಕೇಳಿದ ಪ್ರಶ್ನೆಯಿಂದಾನೇ ಶುರು ಮಾಡಿ. ನೀವು ಬರೆದಿದ್ದನ್ನ ಅಚ್ಚುಕಟ್ಟು ಮಾಡೋಕೆ, ಕಾಗುಣಿತ ನೋಡೋಕೆ ಎಐ ಬಳಸಿ, ಅಡ್ಡಿಯಿಲ್ಲ.

ಪ್ರಶ್ನೆ: ಇಂಪ್ರೆಷನ್ (ಹುಡುಕಾಟದಲ್ಲಿ ಎಷ್ಟು ಸಲ ಕಂಡ್ವಿ ಅನ್ನೋದು) ಮೊದಲಿನ ಹಾಗೇ ಇದೆ, ಪೊಸಿಷನ್ನೂ ಕದಲಿಲ್ಲ, ಕ್ಲಿಕ್ ಮಾತ್ರ ಇಳೀತಾನೇ ಇದೆ. ನಮ್ಮದೇನಾದ್ರೂ ತಪ್ಪಾ?

ಉತ್ತರ: ತಪ್ಪು ನಿಮ್ಮದಲ್ದೇ ಇರ್ಬೋದು. 2024ರ ಮೇನಲ್ಲಿ ಅಮೆರಿಕದಲ್ಲಿ ಶುರುವಾದ ಎಐ ಓವರ್‌ವ್ಯೂ ಈಗ ಬಹಳ ದೇಶಗಳಲ್ಲಿದೆ, ಒಂದು ಸಾಲಿನ ಉತ್ತರ ಇರೋ ಪ್ರಶ್ನೆಗೆ ಗೂಗಲ್ ಮೇಲ್ಗಡೇನೇ ಉತ್ತರ ಕೊಟ್ಬಿಡತ್ತೆ, ಕ್ಲಿಕ್ ಮಾಡೋ ಅಗತ್ಯಾನೇ ಬರಲ್ಲ. ಕ್ಲಿಕ್ ಇಳಿದ ಕ್ವೆರಿಗಳನ್ನ ಎರಡು ಅವಧಿ ಹೋಲಿಸಿ ತೆಗೀರಿ, ಒಂದೊಂದನ್ನೂ ನೀವೇ ಗೂಗಲ್‌ನಲ್ಲಿ ಹುಡುಕಿ ನೋಡಿ. 'ವಾಟರ್‌ಪ್ರೂಫ್ ಅಂದ್ರೇನು' ಅನ್ನೋ ಥರದ ಪೋಸ್ಟ್‌ಗಳೇ ಇಳಿದಿದ್ರೆ ಅವುಗಳ ಹಿಂದೆ ಓಡ್ಬೇಡಿ. ಅದೇ ಪೋಸ್ಟಲ್ಲಿ ನಿಮ್ಮ ಬ್ಯಾಗನ್ನ ಶವರ್ ಕೆಳಗೆ ಹತ್ತು ನಿಮಿಷ ಇಟ್ಟು, ಒಳಗೆ ಹಾಕಿದ್ದ ಟಿಶ್ಯೂ ಪೇಪರ್ ಎಲ್ಲೆಲ್ಲಿ ಒದ್ದೆಯಾಯ್ತು, ಜಿಪ್ ಹತ್ರನಾ ಹೊಲಿಗೆ ಹತ್ರನಾ, ಅಂತ ಫೋಟೋ ಸಮೇತ ಹಾಕಿ. ದುಡ್ಡು ಕೊಟ್ಟು ಬ್ಯಾಗ್ ತಗೊಳ್ಳೋರು ಆ ಫೋಟೋ ನೋಡೋಕೆ ಒಳಗೆ ಬರ್ಲೇಬೇಕು.